ಸುಗುಣ ಹಿಮದ ಬೆಟ್ಟಕ್ಕೆ ಹೊರಟದ್ದು

ತ್ರಾಸಿ
12-10-1997

ರತ್ನಾ,

ಅಕ್ಕನ ಕಾಗದ ಎಂದ ಕೂಡಲೇ ಏನೋ ಆಗಿದೆ ಎಂದುಕೊಳ್ಳಬೇಡ. ಇಲ್ಲಿ ಏನೂ ಆಗಿಲ್ಲ. ಹೆತ್ತ ಅಬ್ಬಿ ಹೋಗಿ ಮೊನ್ನೆಗೆ ಎರಡು ತಿಂಗಳಾಯಿತು. ಅವಳ ಮಂಚ ಬಿಚ್ಚಿ ಅಟ್ಟಕ್ಕೆ ಹಾಕಿಸಿದೆ. ಹಾಸಿಗೆ ಸುಟ್ಟಾಯಿತು. ಕೋಣೆ ದೊಡ್ಡದಾಗಿ ಕಾಣುತ್ತದೆ, ಅಷ್ಟೇ.

ನಿನ್ನ ಎದುರುಮನೆಯವರ ನಂಬರಿಗೆ ಫೋನ್ ಮಾಡು ಎಂದು ನೀನು ಹೇಳಿ ಹೋಗಿದ್ದಿ. ಹದಿನೆಂಟು ವರ್ಷ ಬೈಂದೂರಿನ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತನ್ನೆಲ್ಲ ಜೋಡಿಸಿಕೊಟ್ಟವಳಿಗೆ ಫೋನಿನಲ್ಲಿ ಮಾತಾಡಲು ಮನಸ್ಸಾಗುವುದಿಲ್ಲ. ನಡುವೆ ಯಾರೋ ಕೇಳುತ್ತಿದ್ದಾರೆ ಎನಿಸುತ್ತದೆ. ನಾನೇ ಕೇಳುತ್ತಿದ್ದೆನಲ್ಲ. ಈಗ ನನ್ನ ಬೋರ್ಡು ತೆಗೆದಿದ್ದಾರೆ, ಎಲ್ಲ ತನ್ನಷ್ಟಕ್ಕೇ ಆಗುವ ಯಂತ್ರ ಬಂದಿದೆ. ನನ್ನನ್ನು ದೂರು ಬರೆದುಕೊಳ್ಳುವ ಮೇಜಿಗೆ ಹಾಕಿದ್ದಾರೆ.

ಹೇಳಬೇಕಾದ ವಿಷಯ ಒಂದಿದೆ. ಇಲಾಖೆಯಿಂದ ಒಂದು ಸುತ್ತೋಲೆ ಬಂದಿತ್ತು. ಯಾವತ್ತೂ ಬೆಟ್ಟ ಹತ್ತದ ನೌಕರರಲ್ಲಿ ಕೆಲವರನ್ನು ಆರಿಸಿ ಬರುವ ಬೇಸಗೆಯಲ್ಲಿ ಹಿಮಾಲಯಕ್ಕೆ ಕಳಿಸುತ್ತಾರಂತೆ. ಮನಾಲಿಯಿಂದ ಆಚೆ ಒಂದು ಶಿಖರ. ಅದಕ್ಕೆ ಹೆಸರಿಲ್ಲ, ನಕ್ಷೆಯಲ್ಲಿ ಎತ್ತರ ಮಾತ್ರ ಬರೆದಿದೆ. ಹದಿನೇಳು ಸಾವಿರದ ಇನ್ನೂರು ಅಡಿ. ರಜೆಯನ್ನು ಇಲಾಖೆಯೇ ಕೊಡುತ್ತದೆ. ವಯಸ್ಸು ನಲವತ್ತೈದರ ಒಳಗಿರಬೇಕು. ನನಗೆ ನಲವತ್ತಮೂರು. ಹೆಸರು ಕೊಟ್ಟೆ.

ಮಂಗಳೂರಿನ ಗುಮಾಸ್ತ ಫೋನ್ ಮಾಡಿ, ‘ತಂದೆಯ ಹೆಸರು ಕೇಳಿದ ಜಾಗದಲ್ಲಿ ಗುಡ್ಡ ಎಂದು ಬರೆದಿದ್ದೀರಲ್ಲ’ ಎಂದ. ತಂದೆಯ ಹೆಸರೇ ಗುಡ್ಡ ಎಂದೆ. ಆಫೀಸಿನವರೆಲ್ಲ ತುಂಬ ನಕ್ಕರು. ನಗುವಂಥದ್ದೇ. ನಾನೂ ಬಾಯಿ ಅಗಲಿಸಿದೆ.

ಯಾಕೆ ಹತ್ತಲು ಬಯಸುತ್ತೀರಿ ಎಂಬಲ್ಲಿ ಮೂರು ಗೆರೆ ಜಾಗ ಬಿಟ್ಟಿದ್ದರು. ‘ಆರೋಗ್ಯ’ ಎಂದು ಬರೆದೆ.

ಸುಗುಣ

*

ಡೊಂಬಿವಿಲಿ
27-10-1997

ಅಕ್ಕಾ,

ನಿನ್ನ ಕಾಗದ ಎರಡು ಸಲ ಓದಿ ಇವರ ಕೈಗೆ ಕೊಟ್ಟೆ. ಇವರು ಕನ್ನಡಕ ಹಾಕಿಕೊಂಡು ಓದಿ, ‘ನಿನ್ನ ಅಕ್ಕಂಗ್ ಮಂಡೆ ಸಮ ಇತ್ತಾ?’ ಎಂದು ಕೇಳಿದರು. ಕ್ಯಾಂಟೀನಿನಲ್ಲಿ ನೂರು ಜನರೊಂದಿಗೆ ಮಾತಾಡುವ ಮನುಷ್ಯ, ಮನೆಯಲ್ಲಿ ಮಾತಾಡುವುದು ಇಷ್ಟೇ. ಹರ್ಷಾ ಒಬ್ಬನಿಗೆ ಖುಷಿ. ಶಾಲೆಯ ಭೂಪಟ ತೆಗೆದು ಮನಾಲಿಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದ್ದಾನೆ. ಹನ್ನೆರಡು ವರ್ಷದವನಿಗೆ ದೊಡ್ಡಮ್ಮ ಹಿಮದಲ್ಲಿ ನಡೆಯುವುದೆಂದರೆ ಸರ್ಕಸ್ಸು ಇದ್ದ ಹಾಗೆ.

ನೀನು ಮರವಂತೆಯ ಸೇತುವೆ ಬಿಟ್ಟರೆ ಎತ್ತರದ ಜಾಗ ಯಾವುದು ಕಂಡಿದ್ದಿ ಹೇಳು. ಚಿಕ್ಕವರಿದ್ದಾಗ ತೆಂಗಿನಮರಕ್ಕೆ ಏಣಿ ಇಟ್ಟರೂ ನಾನು ಹತ್ತುತ್ತಿದ್ದೆ, ನೀನು ಏಣಿ ಹಿಡಿದುಕೊಳ್ಳುತ್ತಿದ್ದೆ. ನಿನಗೀಗ ಬೇಕಾದದ್ದು ವಿಶ್ರಾಂತಿ. ಹನ್ನೊಂದು ವರ್ಷ ಒಂದು ರಾತ್ರಿ ಸರಿಯಾಗಿ ಮಲಗಿಲ್ಲ. ಇಲ್ಲಿಗೆ ಬಾ, ಒಂದು ತಿಂಗಳು ನಾನು ಮಾಡಿ ಬಡಿಸುತ್ತೇನೆ.

ಆ ಮಳೆಯಲ್ಲಿ ಮಹಾಡಿನ ಹತ್ತಿರ ಗುಡ್ಡ ಕುಸಿದು ಬಸ್ಸು ನಿಲ್ಲದೇ ಇದ್ದರೆ ನಾನೂ ಅಬ್ಬಿಯ ಮುಖ ಕಾಣುತ್ತಿದ್ದೆ. ಅದೊಂದು ಕೊರಗು ಹೋಗುವುದಿಲ್ಲ. ಆದರೆ ಕಡೆಯ ಗಳಿಗೆಯವರೆಗೆ ಅವಳು ನಿನ್ನ ಕೈಯಲ್ಲಿದ್ದಳಲ್ಲ, ಅಷ್ಟು ಪುಣ್ಯ ಅವಳಿಗಿತ್ತು. ಅಬ್ಬಿಯ ಬೊಜ್ಜದ ಕ್ರಿಯೆಗೆ ಬಂದ ಹೆಂಗಸರೆಲ್ಲ ಅದನ್ನೇ ಹೇಳುತ್ತಿದ್ದರು. ಸುಗುಣನಂಥ ಮಗಳು ಇದ್ದರೆ ಸಾಕು ಎಂದು.

ಹೆಸರು ವಾಪಸು ತೆಗೆದುಕೋ.

ರತ್ನ

*

ತ್ರಾಸಿ
20-11-1997

ರತ್ನಾ,

ಹೆಸರು ವಾಪಸು ತೆಗೆದಿಲ್ಲ. ಜನವರಿಯಲ್ಲಿ ಕೊಡಚಾದ್ರಿಯಲ್ಲಿ ಪರೀಕ್ಷೆ. ಅದರಲ್ಲಿ ಆಗದಿದ್ದರೆ ತಾನಾಗಿಯೇ ವಾಪಸಾಗುತ್ತದೆ.

ನಮ್ಮಲ್ಲಿ ರಾಜೀವ ಎಂಬ ಲೈನ್‌ಮನ್ ಇದ್ದಾರೆ. ಮೊದಲು ಮಿಲಿಟರಿಯಲ್ಲಿದ್ದವರು, ಹಿಮದಲ್ಲಿ ಮೂರು ಚಳಿಗಾಲ ಕಳೆದಿದ್ದಾರೆ. ಸುತ್ತೋಲೆಯ ಜೊತೆ ಬಂದ ಅಭ್ಯಾಸದ ಹಾಳೆ ಇಂಗ್ಲಿಷಿನಲ್ಲಿತ್ತು. ರಾಜೀವ ಅದನ್ನು ಓದಿ, ಮಡಚಿ ಮೇಜಿನ ಕಾಲಿನ ಅಡಿಗೆ ಇಟ್ಟರು. ‘ಇದೆಲ್ಲ ಬ್ಯಾಡ. ನೀವ್ ಹೊಯ್ಗಿ ಮೇಲ್ ನಡೀನಿ. ಹೊಯ್ಗಿಯಂಗ್ ನಡದವ್ರಿಗೆ ಹಿಮದಂಗ್ ನಡೂಕಾತ್ತ್’ ಎಂದರು.

ಹಾಗಾಗಿ ದಿನಾ ಬೆಳಿಗ್ಗೆ ಐದೂವರೆಗೆ ಹೊರಡುತ್ತೇನೆ. ಮೊದಲ ವಾರ ನೀರಿನ ಅಂಚಿನ ಗಟ್ಟಿ ಹೊಯಿಗೆ, ಆಮೇಲೆ ಕಾಲು ಹುಗಿಯುವ ಒಣ ಮರಳು. ಮರವಂತೆಯ ದೇವಸ್ಥಾನದ ತನಕ ಹೋಗಿ ಬರುವುದು. ಬೆನ್ನಿಗೆ ಚೀಲ, ಅದರಲ್ಲಿ ಎಂಟು ಕಿಲೊ ಹೊಯಿಗೆ. ಎರಡು ವಾರಕ್ಕೆ ಒಂದು ಕಿಲೊ ಹೆಚ್ಚಿಸಬೇಕು ಎಂದು ರಾಜೀವ ಹೇಳಿದ್ದಾರೆ. ಮೂಗಿನಲ್ಲಿ ಉಸಿರು ಎಳೆದು ಮೂಗಿನಲ್ಲೇ ಬಿಡಬೇಕು, ಬಾಯಿ ತೆರೆದರೆ ನಿಲ್ಲಬೇಕು. ಓಡಬಾರದು. ಮೊದಲ ಮೂರು ದಿನ ತೊಡೆ ನೋಯುತ್ತಿತ್ತು, ಈಗ ಇಲ್ಲ.

ಮೀನಿಗೆ ಹೊರಡುವ ಹೆಂಗಸರು ದಿನಾ ಸಿಗುತ್ತಾರೆ. ಕೆಳಮನೆಯ ಚಂದ್ರಾವತಿ ನಿನ್ನೆ ಬುಟ್ಟಿ ಇಳಿಸಿ ನಿಲ್ಲಿಸಿದಳು.

‘ಹ್ವಾಯ್ ಸುಗುಣಕ್ಕ, ಚೀಲದಂಗ್ ಎಂತ ಇತ್ತ್?’

‘ಹೊಯ್ಗಿ.’

‘ಹೊಯ್ಗಿ ಹೊತ್ಕಂಡ್ ಎಲ್ಲಿಗ್ ಹೋಪ್ದ್?’

‘ಮರವಂತಿಗೆ.’

‘ಅಲ್ಲಿ ಹೊಯ್ಗಿ ಇಲ್ಯಾ?’

ಅವಳು ತಮಾಷೆಗೆ ಕೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದು. ಬುಟ್ಟಿಯನ್ನು ಅವಳ ತಲೆಗೆ ಎತ್ತಿಕೊಟ್ಟು ನಡೆದೆ.

ನನ್ನ ಸೊಂಟ, ಹೆಗಲು ಗಟ್ಟಿ ಇದೆ ಎಂದು ರಾಜೀವರಿಗೆ ಆಶ್ಚರ್ಯ. ‘ಮೇಜಿನ್ ಎದ್ರ್ ಕೂಕಂಡ್ ಕೆಲ್ಸ ಮಾಡೂರಿಗೆ ಇದ್ ಎಲ್ಲಿಂದ ಬಂತ್?’ ಎಂದರು. ದಿನಕ್ಕೆ ಆರು ಸಲ ಅಬ್ಬಿಯನ್ನು ಎತ್ತಿ, ಮಗ್ಗುಲು ತಿರುಗಿಸಿ, ಕೂರಿಸಿ, ಮತ್ತೆ ಮಲಗಿಸಿದ್ದು ಎಂದೆ.

ಊಟ ನಿದ್ರೆ ಎಲ್ಲ ಆಗುತ್ತಿದೆ. ಮೂರು ದಿನದಿಂದ ಗಂಜಿಗೆ ಉಪ್ಪು ಹಾಕಿರಲಿಲ್ಲ ಎಂದು ನಾಲ್ಕನೆಯ ದಿನ ಉಪ್ಪಿನ ಮರಿಗೆ ತೆರೆದಾಗ ಗೊತ್ತಾಯಿತು. ಇದನ್ನು ಬರೆದೆ ಎಂದು ಹೆದರಬೇಡ.

ಸುಗುಣ

*

ಡೊಂಬಿವಿಲಿ
15-12-1997

ಅಕ್ಕಾ,

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ನಿನ್ನ ಕಾಗದದ ತುಂಬ ರಾಜೀವ ಹೇಳಿದರು, ರಾಜೀವ ಕೇಳಿದರು. ಯಾರು ಈ ರಾಜೀವ? ಮದುವೆಯಾಗಿದೆಯೋ ಇಲ್ಲವೋ? ಅಂಥದ್ದೇನಾದರೂ ಇದ್ದರೆ ನನಗೆ ನಿಜವಾಗಿಯೂ ಸಂತೋಷ. ಅದಕ್ಕಾಗಿ ಹಿಮಾಲಯದ ನೆಪ ಬೇಡ ಅಕ್ಕಾ. ಊರು ಎರಡು ದಿನ ಮಾತಾಡಿ ಮೂರನೆಯ ದಿನ ಮೀನಿನ ಸುದ್ದಿಗೆ ಹೋಗುತ್ತದೆ.

ಎಂಬತ್ತಾರರಲ್ಲಿ ಅಬ್ಬಿಗೆ ಲಕ್ವ ಹೊಡೆದಾಗ ನಿನಗೆ ಮೂವತ್ತೆರಡು. ಆ ವರ್ಷವೇ ಬಿಜೂರಿನಿಂದ ಒಂದು ಸಂಬಂಧ ಬಂದಿತ್ತಲ್ಲ. ನನ್ನ ಮದುವೆ ಮೊದಲೇ ಆಗಿಹೋಗಿತ್ತು, ನಾನು ಇಲ್ಲಿದ್ದೆ. ಅದನ್ನು ಯೋಚಿಸುತ್ತಿರುತ್ತೇನೆ. ಬೇರೇನಿಲ್ಲ.

ಕೊಂಕಣ ರೈಲು ಮುಂಬೈ ತನಕ ಶುರುವಾಗುತ್ತದಂತೆ. ಇನ್ನು ಮೇಲೆ ವರ್ಷಕ್ಕೊಮ್ಮೆ ಖಂಡಿತ ಬರುತ್ತೇನೆ.

ರತ್ನ

*

ತ್ರಾಸಿ
14-1-1998

ರತ್ನಾ,

ರಾಜೀವರಿಗೆ ಐವತ್ತೆರಡು. ಇಬ್ಬರು ಮೊಮ್ಮಕ್ಕಳಿದ್ದಾರೆ. ಹೆಂಡತಿ ನನಗಾಗಿ ರಾಗಿ ಹುರಿಹಿಟ್ಟು ಮಾಡಿ ಕಳಿಸುತ್ತಾರೆ. ಆ ವಿಷಯ ಇಲ್ಲಿಗೆ ಬಿಡು.

ಹತ್ತನೆಯ ತಾರೀಕಿಗೆ ಕೊಡಚಾದ್ರಿಯಲ್ಲಿ ಪರೀಕ್ಷೆ ಆಯಿತು. ಮಂಗಳೂರು, ಉಡುಪಿ, ಕುಂದಾಪುರ ಎಲ್ಲ ಸೇರಿ ಹದಿನಾಲ್ಕು ಜನ. ಬೆನ್ನಿಗೆ ಹತ್ತು ಕಿಲೊ ಕಟ್ಟಿ ಬುಡದಿಂದ ಹತ್ತಿಸಿದರು. ಹುಡುಗರು ಮೊದಲ ಒಂದು ಗಂಟೆ ಓಡಿದರು, ಆಮೇಲೆ ದಾರಿಯ ಬದಿಯಲ್ಲಿ ಕೂತು ಬಾಟಲಿ ಖಾಲಿ ಮಾಡಿದರು. ನಾನು ಒಂದೇ ಸಮ ನಡೆದೆ. ಮೂರನೆಯವಳಾಗಿ ಮುಟ್ಟಿದೆ. ಮಂಗಳೂರು ಎಕ್ಸ್‌ಚೇಂಜಿನ ದಿವ್ಯಾ ಎಂಬ ಹುಡುಗಿ ನನ್ನ ಹಿಂದೆಯೇ ಬಂದಳು. ‘ನೀವು ಹತ್ತುವಾಗ ಏನು ಯೋಚನೆ ಮಾಡ್ತೀರಿ ಸುಗುಣಕ್ಕ?’ ಎಂದು ಕೇಳಿದಳು. ಏನೂ ಇಲ್ಲ ಎಂದೆ. ಅದು ದೊಡ್ಡ ಗುಟ್ಟು ಎಂದುಕೊಂಡು ತಲೆ ಆಡಿಸಿದಳು.

ಮೇಲಿನಿಂದ ಸಮುದ್ರದ ಗೆರೆ ಕಾಣುತ್ತಿತ್ತು. ಎಲ್ಲರೂ ಸಾಲಾಗಿ ನಿಂತು ಸೂರ್ಯ ಮುಳುಗುವುದನ್ನು ನೋಡಿದರು. ಒಬ್ಬನಿಗೆ ಕಣ್ಣಲ್ಲಿ ನೀರು ಬಂತು. ಚೆಂದ ಇದೆ ಅಲ್ಲವಾ ಎಂದು ಕೇಳಿದರು, ಹೌದು ಚೆಂದ ಇದೆ ಎಂದೆ. ಚೆಂದ ಇತ್ತು ಎಂದು ಗೊತ್ತಾಗುತ್ತಿತ್ತು ರತ್ನಾ. ಅದು ಗೋಡೆಯ ಆಚೆ ಯಾರದೋ ಮನೆಯ ರೇಡಿಯೋ ಕೇಳಿದ ಹಾಗೆ.

ಆರಿಸಿದ ನಾಲ್ವರಲ್ಲಿ ನನ್ನ ಹೆಸರಿದೆ. ಕುಂದಾಪುರದ ಡಾಕ್ಟರು ಎದೆ, ರಕ್ತ ಎಲ್ಲ ನೋಡಿ ಸಹಿ ಹಾಕಿದರು.

ಇನ್ನು ಒಂದು ಕೆಲಸ ನಿನ್ನಿಂದ ಆಗಬೇಕು. ಹಿಮದ ಬೂಟು ಇಲ್ಲಿ ಸಿಗುವುದಿಲ್ಲ, ಮುಂಬೈಯಲ್ಲಿ ಸಿಗುತ್ತದಂತೆ. ಹೆಂಗಸರ ಅಳತೆಯದು ನನಗೆ ಆಗುವುದಿಲ್ಲ, ನಮ್ಮಿಬ್ಬರದೂ ಅಬ್ಬಿಯ ಕಾಲಲ್ಲವಾ. ನಿನಗೆ ಸರಿಯಾದದ್ದು ನನಗೂ ಸರಿ. ಇದರೊಂದಿಗೆ ಕಾಗದದ ಮೇಲೆ ಪಾದ ಇಟ್ಟು ಗೆರೆ ಎಳೆದು ಕಳಿಸಿದ್ದೇನೆ. ದಪ್ಪ ಉಣ್ಣೆಯ ಕಾಲುಚೀಲ ಎರಡು ಹಾಕಿದ ಮೇಲೆ ಬೆರಳು ಆಡಬೇಕು.

ಮತ್ತೆ, ಅಬ್ಬಿಯ ಕಡೆಯ ಗಳಿಗೆಯ ಬಗ್ಗೆ ಇನ್ನು ಮೇಲೆ ಬರೆಯಬೇಡ.

ಸುಗುಣ

*

ಡೊಂಬಿವಿಲಿ
2-2-1998

ಅಕ್ಕಾ,

ಬೂಟು ತೆಗೆದುಕೊಂಡಾಯಿತು. ಮುಂಬೈಯ ಕೋಟೆಯ ಹತ್ತಿರದ ಅಂಗಡಿಯಲ್ಲಿ ಸಿಕ್ಕಿತು. ಆದರೆ ಕಳಿಸಿಲ್ಲ.

ನಿನ್ನ ಕಾಗದದ ಕಡೆಯ ಗೆರೆ ನನ್ನನ್ನು ಬಿಡುತ್ತಿಲ್ಲ. ಯಾಕೆ ಬರೆಯಬಾರದು? ಉಪ್ಪಿಲ್ಲದ ಗಂಜಿ, ಗೋಡೆಯ ಆಚೆಯ ರೇಡಿಯೋ, ಇದನ್ನೆಲ್ಲ ನಾನು ಇವರಿಗೆ ಓದಿ ಹೇಳಲಿಲ್ಲ. ಒಬ್ಬಳೇ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಹರ್ಷಾ ಲೈಬ್ರರಿಯಿಂದ ಒಂದು ಪುಸ್ತಕ ತಂದಿದ್ದಾನೆ. ಹಿಮದಲ್ಲಿ ಕೂತವರಿಗೆ ಕಡೆಗೆ ಚಳಿಯೇ ಗೊತ್ತಾಗುವುದಿಲ್ಲವಂತೆ, ನಿದ್ರೆ ಬಂದ ಹಾಗೆ ಆಗುತ್ತದಂತೆ. ಊಟಕ್ಕೆ ಕೂತಾಗ ಜೋರಾಗಿ ಓದಿದ. ಪುಸ್ತಕ ಮುಚ್ಚಿಸಿದೆ.

ನೇರವಾಗಿ ಕೇಳುತ್ತೇನೆ. ನೀನು ವಾಪಸು ಬರುವ ಯೋಚನೆ ಇಟ್ಟುಕೊಂಡೇ ಹೋಗುತ್ತಿದ್ದೀಯಾ? ನೇರ ಉತ್ತರ ಬಾರದೆ ಬೂಟು ಕಳಿಸುವುದಿಲ್ಲ.

ರತ್ನ

*

ತ್ರಾಸಿ
22-2-1998

ರತ್ನಾ,

ಸಾಯಲು ಹೋಗುವುದಿಲ್ಲ. ಸಾಯಬೇಕೆಂದರೆ ಮನೆಯೆದುರು ಸಮುದ್ರ ಇದೆ, ಅಷ್ಟು ದೂರ ರಜೆ ಹಾಕಿ ಹೋಗಬೇಕಾಗಿಲ್ಲ. ಇದು ನೇರ ಉತ್ತರ.

ಆದರೆ ಯಾಕೆ ಬರೆಯಬಾರದು ಎಂದು ಕೇಳಿದ್ದಿ. ಅದನ್ನೂ ಬರೆಯುತ್ತೇನೆ. ಇದನ್ನು ಬೇರೆ ಯಾರಿಗೂ ಹೇಳಿಲ್ಲ.

ಆಗಸ್ಟ್ ಒಂಬತ್ತರಂದು ನಾನು ಮನೆಯಲ್ಲೇ ಇದ್ದೆ. ಮಧ್ಯಾಹ್ನ ಅಬ್ಬಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಬಟ್ಟೆ ಬದಲಿಸಿ ಮಲಗಿಸಿದೆ. ಮಳೆ ಬರುತ್ತಿತ್ತು. ಮೂರು ಗಂಟೆಗೆ ಚಾ ಮಾಡಿಕೊಂಡು ಹಿಂದಿನ ಜಗಲಿಯಲ್ಲಿ ಕೂತೆ. ಒಂದು ಗುಟುಕು ಕುಡಿದಿರಬೇಕು, ಅಬ್ಬಿ ಕರೆದಳು. ಲಕ್ವ ಹೊಡೆದ ಮೇಲೆ ಅವಳಿಗೆ ಮಾತಿರಲಿಲ್ಲ ಎಂದು ನಿನಗೆ ಗೊತ್ತು. ಊ ಎಂದು ಒಂದು ದನಿ. ನೀರಿಗೂ ಅದೇ, ಸೊಳ್ಳೆಗೂ ಅದೇ, ಸುಮ್ಮನೆ ನಾನು ಇದ್ದೇನಾ ಎಂದು ನೋಡುವುದಕ್ಕೂ ಅದೇ. ದಿನಕ್ಕೆ ಐವತ್ತು ಸಲ.

ನಾನು ಏಳಲಿಲ್ಲ. ಈ ಒಂದು ಲೋಟ ಚಾ ಬಿಸಿ ಇರುವಾಗ ಕುಡಿದು ಮುಗಿಸುತ್ತೇನೆ ಎಂದುಕೊಂಡೆ. ಅವಳು ಮತ್ತೆ ಕರೆದಳು. ದನಿ ಬೇರೆ ಥರ ಇತ್ತು. ಇದ್ದದ್ದು ನನಗೆ ಗೊತ್ತಾಯಿತು. ಹದಿನೆಂಟು ವರ್ಷ ದನಿ ಕೇಳಿಯೇ ಕೆಲಸ ಮಾಡಿದವಳಿಗೆ ಗೊತ್ತಾಗದೆ ಇರುತ್ತದಾ? ಆದರೂ ಕೂತೆ. ಚಾ ಮುಗಿಸಿದೆ. ಲೋಟ ತೊಳೆದು ಕವುಚಿ ಇಟ್ಟೆ. ಆಗ ದನಿ ನಿಂತಿತ್ತು. ನಿಂತಿತಲ್ಲ ಎಂದು ಇನ್ನೂ ಸ್ವಲ್ಪ ಹೊತ್ತು ಕೂತೆ.

ಒಳಗೆ ಹೋದಾಗ ಅವಳ ತಲೆ ದಿಂಬಿನಿಂದ ಜಾರಿ ಗೋಡೆಗೆ ತಾಗಿತ್ತು.

ಬಾವಿಕಟ್ಟೆಯಲ್ಲಿದ್ದೆ, ಕೇಳಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ಡಾಕ್ಟರು ಹೃದಯ ನಿಂತದ್ದು, ಯಾರಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದರು. ಚಂದ್ರಾವತಿ ನನ್ನ ತಲೆ ಹಿಡಿದುಕೊಂಡು, ‘ನೀ ಮಾಡ್ದಷ್ಟ್ ಯಾರ್ ಮಾಡ್ತ್ರ್ ಹೆಣೆ, ಮರ್ಕ್, ಮರ್ಕ್’ ಎಂದು ಅಳಲು ಹೇಳಿದಳು. ಅಳು ಬರಲಿಲ್ಲ. ಅವತ್ತಿನಿಂದ ಯಾವುದೂ ಬರುವುದಿಲ್ಲ. ದುಃಖವೂ ಇಲ್ಲ, ಹೆದರಿಕೆಯೂ ಇಲ್ಲ. ನಿನಗೆ ಇದನ್ನು ಬರೆಯುವಾಗಲೂ ಯಾರದೋ ದೂರು ಬರೆದುಕೊಳ್ಳುತ್ತಿರುವ ಹಾಗೆ ಬರೆಯುತ್ತಿದ್ದೇನೆ.

ಸುತ್ತೋಲೆ ಬಂದ ದಿನ ಅದರಲ್ಲಿ ಬರೆದಿತ್ತು, ಆ ಎತ್ತರದಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕಾಗುತ್ತದೆ, ಬೇರೆ ಯಾವ ಯೋಚನೆಗೂ ಅವಕಾಶವಿರುವುದಿಲ್ಲ ಎಂದು. ಅದಕ್ಕೆ ಹೆಸರು ಕೊಟ್ಟೆ.

ಬೂಟು ಕಳಿಸುವುದು ಬಿಡುವುದು ನಿನಗೆ ಸೇರಿದ್ದು.

ಸುಗುಣ

*

ತ್ರಾಸಿ
20-3-1998

ರತ್ನಾ,

ಕಾಗದ ತಲುಪಿತೋ ಇಲ್ಲವೋ ತಿಳಿಯಲಿಲ್ಲ. ಇಲ್ಲಿ ಸೆಕೆ ಶುರುವಾಗಿದೆ. ಚೀಲದ ಭಾರ ಈಗ ಹದಿನಾರು ಕಿಲೊ. ರಾಜೀವ ಹಗ್ಗದ ನಾಲ್ಕು ಗಂಟು ಕಲಿಸಿದರು. ಕಣ್ಣು ಮುಚ್ಚಿ ಹಾಕಲು ಬರುತ್ತದೆ.

ಸುಗುಣ

*

ತ್ರಾಸಿ
11-4-1998

ರತ್ನಾ,

ಹೊರಡುವುದು ಮೇ ಇಪ್ಪತ್ತನಾಲ್ಕಕ್ಕೆ. ದಾದರಿನಲ್ಲಿ ಗಾಡಿ ಬದಲಿಸಬೇಕು, ನಡುವೆ ನಾಲ್ಕು ಗಂಟೆ ಸಮಯ ಇದೆ. ನೀನು ಬರಲೇಬೇಕೆಂದಿಲ್ಲ. ಬೂಟು ಇಲಾಖೆಯವರಲ್ಲಿ ಹಳೆಯದು ಒಂದು ಇದೆಯಂತೆ, ಗಂಡಸರದು. ಸ್ವಲ್ಪ ದೊಡ್ಡದು. ಬಟ್ಟೆ ತುಂಬಿ ಹಾಕಿಕೊಳ್ಳಬಹುದು.

ಸುಗುಣ

*

ಡೊಂಬಿವಿಲಿ
30-4-1998

ಅಕ್ಕಾ,

ನಿನ್ನ ಮೂರೂ ಕಾಗದ ತಲುಪಿದೆ. ಎರಡು ತಿಂಗಳು ಬರೆಯಲಿಲ್ಲ. ಬರೆಯಲು ಆಗಲಿಲ್ಲ ಎಂದರೆ ಸುಳ್ಳು, ಬರೆಯಬಾರದೆಂದೇ ಕೂತೆ.

ಮೊದಲು ಸಿಟ್ಟು ಬಂತು. ಮುಚ್ಚಿಟ್ಟು ಏನು ಮಾಡಲಿ. ನನ್ನ ಅಬ್ಬಿಯೂ ಹೌದಲ್ಲ. ಅಡಿಗೆ ಮಾಡುವಾಗ, ಲೋಕಲಿನಲ್ಲಿ ನಿಂತಿರುವಾಗ ಆ ದನಿ ನನಗೆ ಕೇಳಿದ ಹಾಗಾಗುತ್ತಿತ್ತು, ನೀನು ಲೋಟ ತೊಳೆಯುವುದು ಕಾಣುತ್ತಿತ್ತು. ಒಂದು ಸಲ ನಿನಗೆ ಬಹಳ ಕೆಟ್ಟದಾಗಿ ಒಂದು ಕಾಗದ ಬರೆದೆ. ಹರಿದೆ. ಆಮೇಲೆ ‘ಹೋಗಲಿ ಬಿಡು ಅಕ್ಕಾ, ನಿನ್ನ ತಪ್ಪಿಲ್ಲ’ ಎಂದು ಒಂದು ಬರೆದೆ. ಅದನ್ನೂ ಹರಿದೆ. ಅದನ್ನು ಹೇಳುವುದಕ್ಕೆ ನಾನು ಯಾರು?

ತೊಂಬತ್ತನಾಲ್ಕರಲ್ಲಿ ನಿನಗೆ ಟೈಫಾಯ್ಡ್ ಆದಾಗ ಎರಡು ತಿಂಗಳು ಅಬ್ಬಿಯನ್ನು ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದ್ದಿ. ಮನೆ ಚಿಕ್ಕದು ಎಂದೆ ನಾನು. ಮನೆ ಚಿಕ್ಕದೇ. ಆದರೆ ಅದೇ ವರ್ಷ ಇವರ ತಮ್ಮ ಇದೇ ಮನೆಯಲ್ಲಿ ಏಳು ತಿಂಗಳು ಇದ್ದ. ಇದು ನಿನಗೆ ಗೊತ್ತಿಲ್ಲ.

ಇನ್ನೊಂದೂ ಗೊತ್ತಿಲ್ಲ. ಅಬ್ಬಿ ಹೋದ ದಿನ ಸುದ್ದಿ ಬಂದದ್ದು ಸಂಜೆ ನಾಲ್ಕೂವರೆಗೆ. ಆರೂವರೆಯ ಬಸ್ಸಿಗೆ ಇವರೇ ಸಯಾನಿನ ತನಕ ಬಂದು ಕೂರಿಸಲು ಹೊರಟರು. ನಾನೇ ಹೋಗುತ್ತೇನೆ ಎಂದೆ. ಹೋದೆ. ಬಸ್ಸು ಬಂತು. ಕಂಡಕ್ಟರು ತ್ರಾಸಿ, ಬೈಂದೂರು ಎಂದು ಕೂಗಿದ. ನಾನು ಚೀಲ ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದೆ. ಬಸ್ಸು ಹೋಯಿತು. ಅಲ್ಲೇ ಹತ್ತಿರದಲ್ಲಿರುವ ಗೆಳತಿಯ ಮನೆಗೆ ಹೋಗಿ, ಬಸ್ಸು ತಪ್ಪಿತು ಎಂದೆ. ಮರುದಿನದ ಬಸ್ಸಿಗೂ ಹತ್ತಲಿಲ್ಲ. ಮೂರನೆಯ ದಿನ ಹತ್ತಿದೆ. ಗುಡ್ಡ ಎಲ್ಲಿಯೂ ಕುಸಿದಿರಲಿಲ್ಲ. ಅಬ್ಬಿಯ ಮುಖಕ್ಕೆ ಹೆದರಿದ್ದಲ್ಲ ಅಕ್ಕಾ. ನಿನ್ನ ಮುಖಕ್ಕೆ. ಎಲ್ಲ ಮುಗಿದ ಮೇಲೆ ಬಂದರೆ ಜನರ ನಡುವೆ ನೀನು ನನ್ನನ್ನು ಸರಿಯಾಗಿ ನೋಡಲಿಕ್ಕಿಲ್ಲ ಎಂದುಕೊಂಡೆ.

ನೀನು ಅರ್ಧ ಗಂಟೆ ಕೂತೆ. ನಾನು ಹನ್ನೊಂದು ವರ್ಷ ಕೂತೆ. ಇದರಿಂದ ನಿನ್ನದು ಸಣ್ಣದಾಗುವುದಿಲ್ಲ, ಗೊತ್ತು. ಆದರೂ ಬರೆಯಬೇಕೆನಿಸಿತು.

ಬೂಟನ್ನು ಚಂದ್ರಾವತಿಯ ಮೈದುನನ ಕೈಯಲ್ಲಿ ಕಳಿಸಿದ್ದೇನೆ. ಹೊಸ ಬೂಟು ಹಾಕಿಕೊಂಡು ಬೆಟ್ಟಕ್ಕೆ ಹೋದರೆ ಕಾಲಲ್ಲಿ ಹೊಪ್ಪಳೆ ಏಳುತ್ತದೆ, ಮೊದಲೇ ನಡೆದು ಮೆತ್ತಗೆ ಮಾಡಬೇಕು ಎಂದು ಅಂಗಡಿಯವನು ಹೇಳಿದ್ದ. ಹಾಗಾಗಿ ಒಂದು ತಿಂಗಳಿಂದ ನಾನೇ ಹಾಕಿಕೊಂಡು ತಿರುಗುತ್ತಿದ್ದೇನೆ. ಎರಡು ಕಾಲುಚೀಲ ಹಾಕಿ, ಸೀರೆಯ ಕೆಳಗೆ ಆ ಬೂಟು. ದಿನಾ ಸ್ಟೇಷನ್ನಿನ ಮೆಟ್ಟಿಲು ಹತ್ತು ಸಲ ಹತ್ತಿ ಇಳಿಯುತ್ತೇನೆ. ತರಕಾರಿಯವಳು ನನಗೆ ಕಾಲಿನ ರೋಗ ಎಂದುಕೊಂಡು ಒಂದು ಎಣ್ಣೆಯ ಹೆಸರು ಹೇಳಿದಳು. ಎಡಗಾಲಿನ ಹಿಮ್ಮಡಿ ಮೊದಲು ಕಚ್ಚುತ್ತಿತ್ತು, ಈಗ ಇಲ್ಲ.

ದಾದರಿಗೆ ಬರುತ್ತೇನೆ.

ರತ್ನ

*

ತ್ರಾಸಿ
12-5-1998

ರತ್ನಾ,

ಬೂಟು ಸರಿಯಾಗಿದೆ. ಒಳಗೆ ನಿನ್ನ ಕಾಲಿನ ಗುರುತು ಬಿದ್ದಿದೆ, ನನ್ನ ಕಾಲು ಅದರಲ್ಲೇ ಕೂರುತ್ತದೆ.

ಗುಡ್ಡ ಕುಸಿದಿರಲಿಲ್ಲ ಎಂದು ನನಗೆ ಅವತ್ತೇ ಗೊತ್ತಿತ್ತು. ನಾನು ಎಕ್ಸ್‌ಚೇಂಜಿನವಳು. ಮಾರ್ಗ ಬಂದ್ ಆದರೆ ಪೊಲೀಸರಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ನೀನು ಸುಳ್ಳು ಹೇಳಿದೆ ಎಂದು ಸಿಟ್ಟೂ ಬರಲಿಲ್ಲ ಆಗ. ನನ್ನದೂ ಒಂದು ಇತ್ತಲ್ಲ.

ಹೊಸ ರೈಲಿಗೆ ಟಿಕೇಟು ಸಿಗಲಿಲ್ಲ. ಬಸ್ಸಿನಲ್ಲಿ ಬರುತ್ತೇನೆ. ದಾದರಿನಲ್ಲಿ ಮಾತಾಡಲೇಬೇಕೆಂದಿಲ್ಲ. ಬಂದರೆ ಸಾಕು.

ಸುಗುಣ

*

ಮನಾಲಿ
17-6-1998

ರತ್ನಾ,

ಕೆಳಗೆ ಇಳಿದು ಎರಡು ದಿನವಾಯಿತು. ಆಸ್ಪತ್ರೆಯಲ್ಲಿ ಕಾಲಿಗೆ ಬಟ್ಟೆ ಕಟ್ಟಿದ್ದಾರೆ. ಹೆದರುವಂಥದ್ದೇನೂ ಅಲ್ಲ, ಮುಂದೆ ಓದು. ಇಪ್ಪತ್ತೆರಡಕ್ಕೆ ದಾದರಿಗೆ ಮುಟ್ಟುತ್ತೇನೆ. ಈ ಸಲ ನಾಲ್ಕು ಗಂಟೆ ಅಲ್ಲ, ನಾಲ್ಕು ದಿನ ನಿನ್ನ ಮನೆಯಲ್ಲಿರುತ್ತೇನೆ. ಆಗಸ್ಟಿನಲ್ಲಿ ಅಬ್ಬಿಯ ವರ್ಷದ ಕಾರ್ಯ. ನೀನು ಬರಬೇಕು. ಬೇರೆಯವರಿಗೆ ನಾನು ಏನೂ ಹೇಳುವುದಿಲ್ಲ, ನೀನೂ ಹೇಳಬೇಡ. ನಮ್ಮಿಬ್ಬರಿಗೆ ಗೊತ್ತಿದ್ದರೆ ಆಯಿತು.

ಶಿಖರ ಮುಟ್ಟಲಿಲ್ಲ. ಹರ್ಷಾನಿಗೆ ಬೇಸರವಾಗಬಹುದು. ಇನ್ನು ಆರುನೂರು ಅಡಿ ಇತ್ತು.

ಅವತ್ತು ನಸುಕಿನಲ್ಲಿ ಹೊರಟೆವು. ನಾಲ್ವರನ್ನು ಒಂದು ಹಗ್ಗಕ್ಕೆ ಕಟ್ಟಿದ್ದರು. ಮುಂದೆ ನಮ್ಮ ಶಿಕ್ಷಕ, ಆ ಕಡೆಯ ಹಳ್ಳಿಯವನು, ಮೂವತ್ತರ ಹುಡುಗ. ಅವನ ಹಿಂದೆ ಒಬ್ಬ ಹಾಸನದವ, ಆಮೇಲೆ ನಾನು, ಕಡೆಯಲ್ಲಿ ಮಂಗಳೂರಿನ ದಿವ್ಯಾ. ಬೂಟಿನ ಅಡಿಗೆ ಕಬ್ಬಿಣದ ಹಲ್ಲು ಕಟ್ಟಿಕೊಂಡು ನಡೆಯಬೇಕು. ಸುತ್ತೋಲೆಯಲ್ಲಿ ಬರೆದದ್ದು ಸುಳ್ಳು ರತ್ನಾ. ಹತ್ತು ಹೆಜ್ಜೆಗೆ ನಿಲ್ಲುತ್ತಿದ್ದೆ ನಿಜ, ಆದರೆ ನಿಂತಾಗೆಲ್ಲ ಯೋಚನೆಯೂ ಬಂದು ನಿಲ್ಲುತ್ತಿತ್ತು.

ಬಿಸಿಲು ಏರಿದ ಮೇಲೆ ಹಿಮ ಮೆತ್ತಗಾಯಿತು. ಒಂದು ಓರೆಯಲ್ಲಿ ದಿವ್ಯಾಳ ಕಾಲು ಜಾರಿತು. ಕೂಗಲೂ ಇಲ್ಲ ಅವಳು. ಹಗ್ಗ ಒಮ್ಮೆಲೇ ನನ್ನ ಸೊಂಟವನ್ನು ಎಳೆಯಿತು, ನಾನು ಅವರು ಕಲಿಸಿದ್ದ ಹಾಗೆ ಕೈಯಲ್ಲಿದ್ದ ಹಿಮದ ಕೊಡಲಿಯನ್ನು ನೆಲಕ್ಕೆ ಹೊಡೆದು ಅದರ ಮೇಲೆ ಬಿದ್ದೆ. ನಿಂತಿತು. ಅವಳು ಕೆಳಗೆ, ಮೂವತ್ತು ಅಡಿಯಲ್ಲಿ, ಒಂದು ಬಂಡೆಯ ಅಂಚಿನ ಮೇಲೆ ತೂಗುತ್ತಿದ್ದಳು. ಶಿಕ್ಷಕ ನನ್ನ ಹತ್ತಿರ ಇಳಿದು, ಹಗ್ಗವನ್ನು ಕೊಡಲಿಗೆ ಸುತ್ತಿ, ನನ್ನ ಎರಡೂ ಕಾಲನ್ನು ಮೊಣಕಾಲಿನ ತನಕ ಹಿಮದಲ್ಲಿ ಹುಗಿದು ನಿಲ್ಲಿಸಿದ. ‘ದೀದಿ, ಹಿಡಿದುಕೊಂಡಿರಿ. ನಾನು ಹೇಳುವ ತನಕ ಅಲ್ಲಾಡಬೇಡಿ’ ಎಂದು ಹಿಂದಿಯಲ್ಲಿ ಹೇಳಿ ಅವಳ ಹತ್ತಿರ ಇಳಿದ. ಅವಳ ಮೊಣಕಾಲು ತಿರುಚಿತ್ತು. ಅವಳನ್ನು ಸುರಕ್ಷಿತ ಜಾಗಕ್ಕೆ ಸರಿಸಲು ಒಂದು ಗಂಟೆಯ ಹತ್ತಿರ ಆಯಿತು. ನಾನು ಅಲ್ಲಾಡಲಿಲ್ಲ. ದಿವ್ಯಾ ನಡುನಡುವೆ ‘ಸುಗುಣಕ್ಕ, ಇದ್ದೀರಾ?’ ಎನ್ನುತ್ತಿದ್ದಳು. ‘ಇದ್ದೆ ಮಗಾ’ ಎನ್ನುತ್ತಿದ್ದೆ.

ಅಲ್ಲಿಂದಲೇ ವಾಪಸು. ಹಾಸನದವ ಮೇಲೆ ನೋಡಿ ನೋಡಿ ಅತ್ತ. ನನಗೆ ಬೇಸರವೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ. ನಡೆದೆ.

ಟೆಂಟಿಗೆ ಬಂದು ಬೂಟು ಬಿಚ್ಚಿದಾಗ ಬಲಗಾಲಿನ ಮೂರು ಬೆರಳು ಮೇಣದ ಹಾಗೆ ಬೆಳ್ಳಗಿದ್ದವು. ಚಿವುಟಿದೆ, ಗೊತ್ತಾಗಲಿಲ್ಲ. ಶಿಕ್ಷಕ ನೋಡಿ ಅಡಿಗೆಯವನನ್ನು ಕರೆದ. ಅಡಿಗೆಯವ ಮುದುಕ, ಒಂದು ಡೇಕ್ಸಾದಲ್ಲಿ ಉಗುರುಬೆಚ್ಚಗಿನ ನೀರು ತಂದು ನನ್ನ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಅದರಲ್ಲಿ ಇಳಿಸಿದ. ಮೊದಲು ಏನೂ ಇಲ್ಲ. ಯಾರದೋ ಕಾಲು ನೋಡಿದ ಹಾಗೆ ನೋಡುತ್ತ ಕೂತೆ. ಆಮೇಲೆ ಸಣ್ಣಗೆ ಚುಚ್ಚಿತು. ಆಮೇಲೆ ಬೆಂಕಿ ಇಟ್ಟ ಹಾಗೆ ಹತ್ತಿಕೊಂಡಿತು, ಬೆರಳಿನಿಂದ ತೊಡೆಯ ತನಕ. ಅಷ್ಟು ನೋವು ನಾನು ಕಂಡಿರಲಿಲ್ಲ. ನಾನು ಕಿರುಚಿದೆ. ಅಬ್ಬೀ ಎಂದು ಕಿರುಚಿದೆನಂತೆ, ಆಮೇಲೆ ದಿವ್ಯಾ ಹೇಳಿದಳು. ಕಣ್ಣು, ಮೂಗು, ಬಾಯಿ ಎಲ್ಲ ಒಂದಾಗಿ ಅತ್ತೆ. ನಿಲ್ಲಿಸಲು ಬರಲಿಲ್ಲ. ಟೆಂಟಿನ ಹೊರಗೆ ಜನ ಸೇರಿದರು.

ಮುದುಕ ಹೆದರಿದ. ಕಾಲು ಹೊರಗೆ ತೆಗೆಯಲಾ ಎಂದು ಕೇಳಿದ.

ಬೇಡ, ಇರಲಿ ಎಂದೆ.

ಸುಗುಣ